ಸಿಂದಗಿಯಲ್ಲಿ ನಾನು ಹಾಕಿದ ಒಂದೇ ಒಂದು ಬಾಸ್ಕೆಟ್

ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಮಾಸ್ತರರ ಬಾಸ್ಕೆಟ್‌ಬಾಲ್ ತಂಡದಲ್ಲಿ ನಾನೂ ಇದ್ದೆ. ಐದು ಜನ ಬೇಕಿತ್ತು, ನಾಲ್ವರೇ ಸಿಕ್ಕಿದ್ದರು, ಅದಕ್ಕೆ ಇದ್ದೆ. ಆಟವೆಲ್ಲ ನನ್ನ ಗೆಳೆಯ ಡ್ರಿಲ್ ಮಾಸ್ತರನದು. ಆರಡಿಗೂ ಮೇಲೆ ಎತ್ತರ ಅವನು. ನನ್ನ ಕೈಗೆ ಚೆಂಡು ಬಂದರೆ ನಮ್ಮವರೇ ಕಣ್ಣು ಮುಚ್ಚುತ್ತಿದ್ದರು.

ಆ ಸಲ ಪಂದ್ಯ ಸಿಂದಗಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಓಣಿಗೆ ಓಣಿಯೇ ಅಳಿಯನ ಆಟ ನೋಡಲು ಬರುವುದಿತ್ತು.

"ಒಂದರ ಹಾಕ್ರಿ. ಇಲ್ಲಾಂದ್ರ ನಾ ಈ ಓಣ್ಯಾಗ ಹ್ಯಾಂಗ ಮುಖ ತೋರಸ್ಲಿ?" ಎಂದಳು ಹೆಂಡತಿ. ಅದನ್ನು ಗೆಳೆಯನಿಗೆ ಹೇಳುವಾಗ ನನಗೆ ಅಳುವೇ ಬಂತು.

"ಅಳಬ್ಯಾಡಲೇ," ಎಂದ ಅವನು. "ಸಿಂದಗಿಯವ್ರೆಲ್ಲಾ ನನ್ನ ಹಿಂದ ಬರ್ತಾರ. ನೀ ಬಾಸ್ಕೆಟ್ ಕೆಳಗ ಸುಮ್ಮ ನಿಂತಿರು."

ನಿಂತೆ. ಎರಡು ಸಲ ಚೆಂಡು ಕೊಟ್ಟ. ಒಂದು ನನ್ನ ಮೂಗಿಗೆ ಬಡಿಯಿತು, ಇನ್ನೊಂದನ್ನು ಹಿಂದಿನ ಬೇವಿನ ಗಿಡಕ್ಕೆ ಎಸೆದೆ. ಸಿಂದಗಿ ತಂಡದಲ್ಲಿದ್ದು ನನ್ನನ್ನು ಕಾಯಬೇಕಿದ್ದ ನನ್ನ ಭಾವಮೈದುನ ಬಿದ್ದು ಬಿದ್ದು ನಕ್ಕು, ಕಾಯುವುದನ್ನೇ ಬಿಟ್ಟು ಹೋದ. ಸಿಟ್ಟು ನೆತ್ತಿಗೇರಿತು.

ಇನ್ನು ಒಂದೇ ನಿಮಿಷ ಉಳಿದಿತ್ತು. ಗೆಳೆಯ ಚೆಂಡು ಪುಟಿಸುತ್ತ ಎದುರಾಳಿಗಳ ನಡುವೆ ನುಗ್ಗಿದವನೇ, ಉಸಿರು ಬಿಡದೆ "ಹುತುತುತುತುತು" ಅನ್ನತೊಡಗಿದ! ನಮ್ಮ ಕಡೆ ಎಲ್ಲರೂ ಹುತುತು, ಅಂದರೆ ಕಬಡ್ಡಿ, ಆಡಿಯೇ ಬೆಳೆದವರು. ಬಾಸ್ಕೆಟ್‌ಬಾಲ್ ಕಲಿತದ್ದು ಆಮೇಲೆ, ಪುಸ್ತಕ ನೋಡಿ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಸಿಂದಗಿಯ ಐವರೂ ಕೈ ಕೈ ಹಿಡಿದು ಸರಪಳಿ ಕಟ್ಟಿ ಅವನನ್ನು ಸುತ್ತುವರಿದರು. ನನ್ನ ಭಾವಮೈದುನ ಅವನ ಕಾಲನ್ನೇ ತಬ್ಬಿ ಮಲಗಿಬಿಟ್ಟ. ರೆಫರಿ ಸೀಟಿ ಊದುವುದು ಬಿಟ್ಟು, "ಉಸರು ಇನ್ನೂ ಐತಿ, ಬಿಡಬ್ಯಾಡ್ರಿ!" ಎಂದು ಕೂಗಿದ.

ಅವರೆಲ್ಲರ ತಲೆ ಮೇಲಿಂದ ಚೆಂಡು ಮೆತ್ತಗೆ ನನ್ನ ಕೈಗೆ ಬಂತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಕಣ್ಣು ಮುಚ್ಚಿ ಎಸೆದೆ. ಚೆಂಡು ಬಾಸ್ಕೆಟ್‌ನ ಬಳೆಯ ಮೇಲೆ ಎರಡು ಸುತ್ತು ಹಾಕಿ ಒಳಗೆ ಬಿತ್ತು. ಪಂದ್ಯ ಸೋತೆವು, ಅದು ಬೇರೆ ಮಾತು.

ಮಾವನ ಮನೆಯಲ್ಲಿ ಹೋಳಿಗೆ ಊಟ. ಮಾವನವರು ಎಲ್ಲರಿಗೂ ಕೇಳುವಂತೆ, "ನಮ್ಮ ಅಳಿಯಾ ಹಾಕಿದ ನೋಡ್ರಿ! ಆ ಉದ್ದನ್ ಮಾಸ್ತರನ್ನ ತಮ್ಮನ ಮಗಳಿಗೆ ಕೇಳಬೇಕಂತಿದ್ದೆ. ಬ್ಯಾಡ. ಕೈಯಾಗಿದ್ದದ್ದು ಮಂದಿಗೆ ಕೊಡಾಂವ ಸಂಸಾರ ಹ್ಯಾಂಗ ಮಾಡ್ಯಾನು?" ಎಂದರು.

ಗೆಳೆಯನ ಪರವಾಗಿ ನಾನು ಬಾಯಿ ಬಿಡಬೇಕಿತ್ತು. ಆದರೆ ಹೊಗಳಿಕೆ ರುಚಿಯಾಗಿತ್ತು, ಹೋಳಿಗೆಯೂ ರುಚಿಯಾಗಿತ್ತು. ಸುಮ್ಮನೆ ತಿಂದೆ. ಥೂ, ನನ್ನ ಜನ್ಮಕ್ಕಿಷ್ಟು!

ತುಪ್ಪ ಬಡಿಸುತ್ತಿದ್ದ ಹೆಂಡತಿ ಮಿಳ್ಳಿಯನ್ನು ನೆಲಕ್ಕೆ ಕುಕ್ಕಿದಳು. "ಅಪ್ಪಾ, ಆ ಮಾಸ್ತರು ಚೆಂಡ ಕೊಟ್ಟಿದ್ದಕ್ಕ ನಾ ಇವತ್ತ ಓಣ್ಯಾಗ ತಲಿ ಎತ್ತಿ ಬಂದೇನಿ. ಇವ್ರ ಬಾಯಾಗ ಹೋಳಿಗಿ ಐತಿ, ಅದಕ್ಕ ನಾ ಹೇಳಾಕತ್ತೇನಿ."

ಮಾವನವರು ನನ್ನ ತುಂಬಿದ ಬಾಯನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಆ ಮಾಸ್ತರನ್ನ ಊಟಕ್ಕ ಕರೀರಿ. ತಮ್ಮನ ಮನೀಗೂ ಹೇಳಿ ಕಳಸ್ರಿ, ಮಗಳನ್ನ ಕರ್ಕೊಂಡ್ ಬರ್ಲಿ" ಎಂದರು.