ಬಿಗಿಯಣ್ಣನ ಅರ್ಧ ಸುತ್ತು

ಬಸ್ ಡಿಪೋದಲ್ಲಿ ಅವನನ್ನು ಅವನ ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರೊಬ್ಬರೇ. ಮಿಕ್ಕವರಿಗೆಲ್ಲ ಅವನು ಬಿಗಿಯಣ್ಣ. ಬ್ರೇಕ್ ನೋಡುವುದು ಅವನ ಕೆಲಸ, ಇಪ್ಪತ್ತಾರು ವರ್ಷದಿಂದ ಅದೊಂದೇ ಕೆಲಸ. ಬಸ್ಸು ಬಂದು ಉದ್ದನೆಯ ಗುಂಡಿಯ ಮೇಲೆ ನಿಂತರೆ ಇವನು ಕೆಳಗಿಳಿದು, ಒಂದೊಂದೇ ಗಾಲಿಯ ಹತ್ತಿರ ಹೋಗಿ ನಟ್ಟು ತಿರುಗಿಸಬೇಕು. ಕ್ರಮ ಇಷ್ಟೇ: ಬ್ರೇಕು ಗಾಲಿಯನ್ನು ಕಚ್ಚುವವರೆಗೆ ಬಿಗಿ ಮಾಡು, ಆಮೇಲೆ ಒಂದು ಸುತ್ತು ಸಡಿಲ ಬಿಡು. ಎಲ್ಲರೂ ಒಂದು ಸುತ್ತು ಬಿಟ್ಟರೆ ಈ ಪುಣ್ಯಾತ್ಮ ಬಿಡುತ್ತಿದ್ದದ್ದು ಅರ್ಧ ಸುತ್ತು. ಗಾಲಿ ತಿರುಗುವಾಗ ಬ್ರೇಕು ಸವರಿಕೊಂಡು ಹೋಗುವ ಸಣ್ಣ ‘ಸರ್ರ್’ ಸದ್ದು ಕಿವಿಗೆ ಬಿದ್ದರೇನೇ ಅವನಿಗೆ ಸಮಾಧಾನ.

“ಬಿಗಿಯಣ್ಣ, ಗಾಡಿ ಎಳೀತಾನೇ ಇಲ್ಲ, ಒಂಚೂರು ಸಡಿಲ ಬಿಡಪ್ಪ” ಎಂದು ಡ್ರೈವರುಗಳು ಗೋಗರೆಯುತ್ತಿದ್ದರು.

“ಎಂಜಿನ್ ಇರೋದು ಯಾತಕ್ಕೆ? ಒತ್ತು, ಎಳಿಯುತ್ತೆ!” ಎಂದು ಗುಂಡಿಯೊಳಗಿನಿಂದಲೇ ಉತ್ತರ ಬರುತ್ತಿತ್ತು. ಜಪ್ಪಯ್ಯ ಅಂದರೂ ಆಸಾಮಿ ಜಗ್ಗುತ್ತಿರಲಿಲ್ಲ.

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಬೆಟ್ಟದ ಹುಚ್ಚು ಹತ್ತಿಸಿದ್ದು ಅವಳೇ. ಬೆಳಗಿನಿಂದ ಸಂಜೆಯವರೆಗೆ ಗೇಣು ದೂರದ್ದನ್ನೇ ನೋಡಿ ನೋಡಿ ನನ್ನ ಕಣ್ಣು ಮುದುಡಿಹೋಗಿದೆ, ತಿಂಗಳಿಗೊಂದು ದಿನವಾದರೂ ದೂರದ್ದೇನಾದರೂ ನೋಡಬೇಕು ಎಂದು ಆರು ವರ್ಷದ ಹಿಂದೆ ಹಟ ಹಿಡಿದಳು. ಅಂದಿನಿಂದ ಒಂದು ತಿಂಗಳು ನಡಿಗೆ, ಒಂದು ತಿಂಗಳು ಸೈಕಲ್ಲು. ಭಾನುವಾರ ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ಹಣ್ಣು ಕಟ್ಟಿಕೊಂಡು ಗಂಡ, ಹೆಂಡತಿ, ಹದಿನೈದರ ಮಗಳು ಮೂವರೂ ಹೊರಟೇಬಿಡುವುದು. ಮಗಳ ನಾಲಿಗೆಯ ಖಾರಕ್ಕೆ ಅಪ್ಪ ಅವಳಿಗಿಟ್ಟ ಹೆಸರು ಮೆಣಸಿನಕಾಯಿ.

ಇಲ್ಲಿ ಒಂದು ವಿಚಿತ್ರ ಇತ್ತು. ನಡಿಗೆಯ ತಿಂಗಳು ಬಿಗಿಯಣ್ಣನೇ ಮುಂದು. ಬೆನ್ನಿಗೆ ಎರಡು ಚೀಲ ಹೇರಿಕೊಂಡು, ಹಿಂದಿರುವವರಿಗೆ ಕೇಳುವಂತೆ ಶಿಳ್ಳೆ ಹಾಕುತ್ತ ಹತ್ತುತ್ತಿದ್ದ. ಸೈಕಲ್ಲಿನ ತಿಂಗಳು ಬಂತೋ, ಅವನ ಗತಿ ದೇವರಿಗೇ ಪ್ರೀತಿ. ಏರು ಶುರುವಾದ ಹತ್ತು ನಿಮಿಷಕ್ಕೆ ನಾಲಿಗೆ ಒಣಗಿ, ತೊಡೆ ಕಲ್ಲಾಗಿ, ಅಂಗಿ ಹಿಂಡಿದರೆ ಬಕೆಟ್ಟು ತುಂಬುವಷ್ಟು ಬೆವರು. ಹೆಂಡತಿ, ಮಗಳು ಎರಡು ತಿರುವು ಮೇಲೆ ಹೋಗಿ ಕಿತ್ತಳೆ ಸುಲಿದು ತಿಂದು ಮುಗಿಸಿದ ಮೇಲೆ ಇವನ ಸವಾರಿ ಬರುತ್ತಿತ್ತು. ಆರು ವರ್ಷವೂ ಹೀಗೇ. ವರ್ಷದಿಂದ ವರ್ಷಕ್ಕೆ ಇನ್ನಷ್ಟು ನಿಧಾನವಾಗುತ್ತಿದ್ದೇನೆ ಅನ್ನಿಸುತ್ತಿತ್ತು ಅವನಿಗೆ.

ಡಾಕ್ಟರ ಹತ್ತಿರವೂ ಗುಟ್ಟಾಗಿ ಹೋಗಿಬಂದ. ಅವರು ಎದೆಗೆ ತಂತಿ ಅಂಟಿಸಿ ನೋಡಿ, “ನಿಮಗೇನ್ರೀ ಆಗಿರೋದು? ಕುದುರೆ ಇದ್ದಂಗಿದೀರಿ” ಎಂದು ಕಳಿಸಿದರು. ಇವನು ನಂಬಲಿಲ್ಲ. ಐವತ್ತೆರಡಾಯಿತು, ಇನ್ನು ಇಷ್ಟೇ ಎಂದು ತೀರ್ಮಾನಿಸಿಕೊಂಡ. ತನಗೋಸ್ಕರ ಅವರಿಬ್ಬರೂ ಕಾಯುವುದು, ಕಾದದ್ದನ್ನು ಮುಚ್ಚಿಡಲು “ಈಗ ತಾನೇ ಬಂದ್ವಿ” ಎಂದು ಸುಳ್ಳು ಹೇಳುವುದು, ಸುಲಿದ ಸಿಪ್ಪೆ ಅಡಗಿಸುವುದು, ಇದೆಲ್ಲ ಅವನ ಕರುಳಿಗೆ ಚುಚ್ಚುತ್ತಿತ್ತು. ಕೆಳಗಿನ ಮನೆಯ ಎಲೆಕ್ಟ್ರಿಷಿಯನ್‌ಗೆ ಮಾತು ಕೊಟ್ಟುಬಿಟ್ಟ: ಸೋಮವಾರ ಬಂದು ನನ್ನ ಸೈಕಲ್ಲು ತಗೊಂಡು ಹೋಗು. ಮನೆಯಲ್ಲಿ ಉಸಿರೆತ್ತಲಿಲ್ಲ. ಈ ಭಾನುವಾರವೊಂದು ಖುಷಿಯಾಗಿ ಕಳೆದುಹೋಗಲಿ, ಆಮೇಲೆ ಹೇಳಿದರಾಯಿತು ಅಂತ.

ಆ ಭಾನುವಾರ ದಾರಿಯ ಅರ್ಧದಲ್ಲಿ ದೊಡ್ಡ ಮರವೊಂದು ಅಡ್ಡ ಬಿದ್ದಿತ್ತು. ಸೈಕಲ್ಲು ಎತ್ತಿ ದಾಟಿಸಬೇಕು. ಹೆಂಡತಿ ಆಚೆ ಕಡೆ ನಿಂತಳು, ಬಿಗಿಯಣ್ಣ ಮರದ ಮೇಲೆ ಕಾಲು ಕೊಟ್ಟು ಒಂದೊಂದನ್ನೇ ಎತ್ತಿ ಕೊಟ್ಟ. ಮೆಣಸಿನಕಾಯಿ ಅವನ್ನು ತಳ್ಳಿಕೊಂಡು ಹೋಗಿ ಪಕ್ಕದ ಬಂಡೆಗೆ ಒರಗಿಸಬೇಕು. ಎರಡು ಸೈಕಲ್ಲು ಸರಾಗವಾಗಿ ಹೋದವು. ಅಪ್ಪನದು ಹೋಗಲೊಲ್ಲದು.

“ಅಪ್ಪಾ, ಇದೇನು ಸೈಕಲ್ಲೋ ಕೋಣವೋ? ತಳ್ಳಿದ್ರೂ ಬರ್ತಿಲ್ಲ!”

“ತಳ್ಳೋಕೆ ಬರಬೇಕು ಕಣೇ” ಎಂದ ಅಪ್ಪ, ಗತ್ತಿನಿಂದ.

ಹೆಂಡತಿ ಹತ್ತಿರ ಬಂದಳು. ಗಾಜಿನ ಓರೆಕೋರೆ ನೋಡುವವಳ ಕಣ್ಣು ಅವಳದು. ತನ್ನ ಸೈಕಲ್ಲಿನ ಹಿಂಗಾಲಿ ಎತ್ತಿ ಒಮ್ಮೆ ತಿರುಗಿಸಿ ಬಿಟ್ಟಳು. ಅದು ನಿಲ್ಲುವ ಲಕ್ಷಣವೇ ಇಲ್ಲದೆ ತಿರುಗಿತು. ಆಮೇಲೆ ಗಂಡನದನ್ನು ಎತ್ತಿ ತಿರುಗಿಸಿದಳು. ಸರ್ರ್... ಒಂದೂವರೆ ಸುತ್ತು. ನಿಂತೇಹೋಯಿತು.

“ರೀ, ಏನಿದು?”

“ಏನಿದೆ ಅದರಲ್ಲಿ? ಹಂಗೇ ಇರಬೇಕು. ಬ್ರೇಕು ಸದಾ ಎಚ್ಚರವಾಗಿರಬೇಕು. ನಿಮ್ಮಿಬ್ಬರದ್ದು ಆ ಅಂಗಡಿಯವನು ಸಡಿಲ ಬಿಟ್ಟು ಹಾಳು ಮಾಡಿದಾನೆ. ನನ್ನ ಗಾಡೀನ ನಾನು ಒಬ್ಬರಿಗೂ ಮುಟ್ಟೋಕೆ ಬಿಟ್ಟಿಲ್ಲ. ವಾರಕ್ಕೊಂದು ಸಲ ನಾನೇ ನೋಡ್ತೀನಿ.”

“ಎಷ್ಟು ಸುತ್ತು ಸಡಿಲ ಬಿಡ್ತೀರಿ?”

“ಅರ್ಧ.”

“ಬಸ್ಸಿನ ಹಂಗೇ?”

“ಬಸ್ಸಿನ ಹಂಗೇ.”

“ಬಸ್ಸಿಗೆ ಎಂಜಿನ್ ಇದೆ ಕಣ್ರೀ. ಇದಕ್ಕೆ ಏನಿದೆ?”

ಬಿಗಿಯಣ್ಣ ತನ್ನ ತೊಡೆ ನೋಡಿಕೊಂಡ. ಸೈಕಲ್ಲು ನೋಡಿದ. ಇಪ್ಪತ್ತಾರು ವರ್ಷದ ಬುದ್ಧಿಯೆಲ್ಲ ಆ ಒಂದು ಪ್ರಶ್ನೆಯ ಮುಂದೆ ಪೆಚ್ಚಾಗಿ ನಿಂತಿತು. ಮಗಳಿಗೆ ಮೊದಲು ಹೊಳೆಯಿತು. ಅವಳು ಮರದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಮಾತೇ ಹೊರಡದಂತೆ ನಗತೊಡಗಿದಳು.

“ಆರು ವರ್ಷ! ಅಮ್ಮಾ, ಅಪ್ಪ ಆರು ವರ್ಷ ಬ್ರೇಕು ಹಾಕ್ಕೊಂಡೇ ಬೆಟ್ಟ ಹತ್ತಿದಾನೆ!”

ಹೆಂಡತಿಯೂ ನಕ್ಕಳು, ನಕ್ಕು ನಕ್ಕು ಸೈಕಲ್ಲಿಗೇ ಜೋತುಬಿದ್ದಳು. ಬಿಗಿಯಣ್ಣ ಮುಖ ಗಂಟಿಕ್ಕಿ ನೋಡಿದ, ಸಿಟ್ಟು ಮಾಡಲು ನೋಡಿದ, ಆಗಲಿಲ್ಲ. “ಥೂ ನನ್ನ!” ಎಂದು ಹಣೆ ಚಚ್ಚಿಕೊಂಡು ಅವನೂ ಶುರುಮಾಡಿದ. ಮೂವರೂ ಅಡ್ಡಬಿದ್ದ ಮರದ ಮೇಲೆ ಸಾಲಾಗಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ಅವನು ಮೆಲ್ಲಗೆ ಎಲೆಕ್ಟ್ರಿಷಿಯನ್‌ಗೆ ಮಾತು ಕೊಟ್ಟದ್ದನ್ನು ಹೇಳಿದ. ಹೆಂಡತಿಯ ಮುಖ ಒಮ್ಮೆಗೇ ಬಾಡಿತು.

“ನನಗೆ ವಯಸ್ಸಾಯ್ತು ಅಂದ್ಕೊಂಡೆ ಕಣೇ” ಎಂದ. “ನಿಮಗೆ ನಾನು ಭಾರ ಆದೆ ಅಂದ್ಕೊಂಡೆ.”

“ಬುದ್ಧಿ ಇದೆಯೇನ್ರೀ ನಿಮಗೆ? ಈಗಲೇ ಫೋನ್ ಮಾಡಿ, ಕೊಡಲ್ಲ ಅನ್ನಿ” ಎಂದಳು. ಅವನು ಅಲ್ಲೇ ಮಾಡಿದ. ಆ ಕಡೆಯವನು ಗೊಣಗಿದ್ದು ಮರದ ಮೇಲಿದ್ದ ಮೂವರಿಗೂ ಕೇಳಿಸಿತು.

ಆಮೇಲೆ ಬ್ರೇಕಿನ ತಿರುಪಿಗೆ ಕೈ ಹಾಕಿದ. ಇನ್ನರ್ಧ ಸುತ್ತು ಬಿಡುವುದೆಂದರೆ ಅವನಿಗೆ ಏನೋ ಪಾಪ ಮಾಡಿದ ಹಾಗೆ. ಬಿಟ್ಟ. ಹಿಡಿಕೆ ಒತ್ತಿ ನೋಡಿದ, ಗಾಲಿ ಕಚ್ಚಿಕೊಂಡು ನಿಂತಿತು. ಮೂರು ಸಲ ನೋಡಿದ, ಮೂರು ಸಲವೂ ನಿಂತಿತು. ಹಿಡಿಕೆ ಬಿಟ್ಟಾಗ ಸದ್ದೇ ಇಲ್ಲ.

ಹತ್ತಿ ಕೂತು ಪೆಡಲು ತುಳಿದನೋ ಇಲ್ಲವೋ, ಸೈಕಲ್ಲು ಅವನನ್ನು ಬಿಟ್ಟೇ ಹೋಗುವಂತೆ ಮುಂದಕ್ಕೆ ಹಾರಿತು. “ಅಯ್ಯಯ್ಯೋ!” ಎಂದು ಅವನೇ ಕೂಗಿಕೊಂಡ. ಆರು ವರ್ಷ ಬ್ರೇಕಿನ ಜೊತೆ ಗುದ್ದಾಡಿ ಗಟ್ಟಿಯಾದ ಕಾಲು, ಈಗ ಅಡ್ಡಿಯೇ ಇಲ್ಲ. ಮೊದಲ ತಿರುವು ದಾಟಿದ, ಎರಡನೆಯದು ದಾಟಿದ. “ಅಪ್ಪಾ, ನಿಲ್ಲೋ!” ಎಂದು ಮಗಳು ಕೂಗಿದ್ದು ಕೆಳಗೆಲ್ಲೋ ಕೇಳಿಸಿತು. ಅಬ್ಬಾ, ಆ ಖುಷಿಗೆ ಏನು ಹೇಳುವುದು! ಶಾಲೆ ಬಿಟ್ಟ ಹುಡುಗನ ಹಾಗೆ ಸುಮ್ಮಸುಮ್ಮನೆ ಗಂಟೆ ಬಾರಿಸುತ್ತ ನೆತ್ತಿಯವರೆಗೂ ಹತ್ತಿಬಿಟ್ಟ.

ಅಲ್ಲಿ ಯಾರೂ ಇರಲಿಲ್ಲ. ಅವನೇ ಮೊದಲಿಗ. ಸೈಕಲ್ಲು ಮಲಗಿಸಿ, ಅಂಚಿಗೆ ಬಂದು, ಬಂದ ದಾರಿಯತ್ತ ತಿರುಗಿ ಕೂತ. ಸ್ವಲ್ಪ ಹೊತ್ತಿಗೆ ಕೊನೆಯ ತಿರುವಿನಲ್ಲಿ ಇಬ್ಬರೂ ಕಾಣಿಸಿಕೊಂಡರು. ಮಗಳು ಹಲ್ಲು ಕಚ್ಚಿಕೊಂಡು ಬೆಟ್ಟವನ್ನೇ ಬೈಯುತ್ತ ಹತ್ತುತ್ತಿದ್ದಳು, ಕೆನ್ನೆ ಕೆಂಪಗೆ. ಅವಳ ಹಿಂದೆ ಹೆಂಡತಿ, ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಗೆ, ಹುಬ್ಬು ಎರಡೂ ಮೇಲೆ, ಒಬ್ಬಳೇ ನಗುತ್ತಿದ್ದಳು. ಬಿಗಿಯಣ್ಣ ಕಣ್ಣು ಕೀಳದೆ ನೋಡಿದ. ಇಷ್ಟು ವರ್ಷ ಸೈಕಲ್ಲಿನ ದಿನ ಅವನು ಕಂಡದ್ದು ಇವರ ಬೆನ್ನು ಮಾತ್ರ; ನಡಿಗೆಯ ದಿನ ಮುಂದಿದ್ದವನು ತಿರುಗಿ ನೋಡಿದ್ದೇ ಇಲ್ಲ.

ಹೆಂಡತಿ ಬಂದು ಏದುಸಿರು ಬಿಡುತ್ತ ಪಕ್ಕದಲ್ಲಿ ಕುಸಿದಳು.

“ಏನ್ರೀ, ಹಂಗೆ ನೋಡ್ತಿದೀರಾ?”

“ಹತ್ತುವಾಗ ನೀನು ನಾಲಿಗೆ ಹೊರಗೆ ಹಾಕ್ತೀಯ. ಗೊತ್ತಾ ನಿಂಗೆ?”

“ಆರು ವರ್ಷದಿಂದ ಹಾಕ್ತಿದೀನಿ” ಎಂದಳು ಅವಳು. “ನೀವು ಇವತ್ತು ನೋಡಿದ್ರಿ.”