ಕೆಂಗೇರಿಯಲ್ಲಿ ಮಳೆಯಂತೆ

ಒಗೆದ ಬಟ್ಟೆ ಬೇಗ ಒಣಗಿತೆಂದು ಬೇಸರಪಡುವ ಗಂಡಸರು ನಮ್ಮ ಅತ್ತಿಗುಪ್ಪೆಯಲ್ಲಿ ಬಹಳ ಮಂದಿ ಇರಲಾರರು, ನಾನೊಬ್ಬನಂತೂ ಇದ್ದೇನೆ. ಬೆಳಗ್ಗೆ ನನ್ನ ಹೆಂಡತಿ ವಿಮಲ ತಾರಸಿಯ ಮೇಲೆ ಹರವಿ ಬಂದ ಹೊದಿಕೆ, ನಾನು ಎರಡನೆಯ ಕಾಫಿ ಮುಗಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಹಪ್ಪಳದಂತೆ ಗರಿಗರಿಯಾಗಿ ನಿಂತಿರುತ್ತದೆ. ಅವಳಿಗೆ ಅದು ಸಂತೋಷದ ಸಂಗತಿ. ನನಗೋ, ಗಾಳಿಯಲ್ಲಿ ತೇವದ ಸುಳಿವೇ ಇಲ್ಲವೆಂಬ ದುರ್ವಾರ್ತೆ. "ಬಟ್ಟೆ ತರೋಕ್ಕೆ ಹೋದೋರು ಆಕಾಶ ನೋಡ್ತಾ ನಿಂತ್ರಾ?" ಎಂದು ಕೆಳಗಿನಿಂದ ಕೂಗು ಬರುವ ತನಕ ನಾನು ಆ ನಿಷ್ಕಳಂಕ ನೀಲಿಯಲ್ಲಿ, ಬೀಗದ ಕೈ ಕಳೆದುಕೊಂಡವನ ಹಾಗೆ, ಮೋಡ ಹುಡುಕುತ್ತಿರುತ್ತೇನೆ.

ಕಾವ್ಯದಲ್ಲಿ ಶರದೃತುವೆಂದರೆ ತಿಳಿಯಾದ ಆಕಾಶ, ತಿಳಿಯಾದ ಕೊಳ, ತಿಳಿಯಾದ ಮನಸ್ಸು. ಬೆಂಗಳೂರಿನ ಶರತ್ತು ಮಾತ್ರ ಷರತ್ತಿನ ಮೇಲೆ ಬರುವಂಥದು. ಮೊದಲು ಹಿಂಗಾರು ನಾಲ್ಕು ಸಂಜೆ ಗುಡುಗಿ ಸುರಿಯಬೇಕು. ಆಮೇಲೆ ದೀಪಾವಳಿಯ ಎಣ್ಣೆನೀರಿನ ಬೆಳಗಿಗೆ ಸರಿಯಾಗಿ ಚಳಿ ಬಾಗಿಲಲ್ಲಿ ಇಣುಕಬೇಕು. ಈ ಸಲ ಷರತ್ತಿನ ಮೊದಲ ಭಾಗವೇ ನೆರವೇರಲಿಲ್ಲ. ದಸರೆ ಮುಗಿಯಿತು, ಚಿತ್ತೆ ಮಳೆ ಮೋಸ ಮಾಡಿತು, ಸ್ವಾತಿ ಪಂಚಾಂಗದಲ್ಲಿ ಮಾತ್ರ ಬಂದು ಹೋಯಿತು. ಪಟಾಕಿಯ ಹೊಗೆ ತೊಳೆಯಲು ಕೂಡ ಹನಿ ಬೀಳಲಿಲ್ಲ. ಗಾಳಿಯಲ್ಲಿ ಧೂಳು, ಗಂಟಲಲ್ಲಿ ಕೆರೆತ, ತುಟಿಯಲ್ಲಿ ಬಿರುಕು, ತಲೆಯ ಮೇಲೆ ತಿರುಗುತ್ತಲೇ ಇರುವ ಫ್ಯಾನು. ಕೂತರೆ ಏಳಬೇಕು, ಎದ್ದರೆ ಕಿಟಕಿಯ ಬಳಿ ಹೋಗಬೇಕು, ಹೋದರೆ ಅಲ್ಲೇನೂ ಇಲ್ಲ. ಇಂಥ ಚಡಪಡಿಕೆಗೆ ಯಾವ ವೈದ್ಯರೂ ಔಷಧ ಬರೆದುಕೊಡುವುದಿಲ್ಲ.

ನನ್ನ ಪುಣ್ಯಕ್ಕೆ ಈ ರೋಗಕ್ಕೊಂದು ಸಂಘವಿದೆ. ವಿಜಯನಗರದ ಪಾರ್ಕಿನ ಬೆಂಚೊಂದರ ಮೇಲೆ ವರ್ಷಗಳ ಹಿಂದೆ ಹುಟ್ಟಿ, ಈಗ ವಾಟ್ಸಾಪಿನಲ್ಲಿ ವಾಸಿಸುತ್ತಿರುವ ನಮ್ಮ ಬಳಗಕ್ಕೆ ಹವಾಮಾನವೇ ಹವ್ಯಾಸ. ಹವಾಮಾನದಲ್ಲಿ ಹವೆ ನಮ್ಮ ಕೈಯಲ್ಲಿಲ್ಲ, ಮಾನವನ್ನಾದರೂ ಉಳಿಸಿಕೊಳ್ಳೋಣ ಎಂದು ನಾವು ಭವಿಷ್ಯ ನುಡಿಯುವ ಕೆಲಸವನ್ನು ಗಂಗಣ್ಣನವರಿಗೆ ಬಿಟ್ಟಿದ್ದೇವೆ. ಗಂಗಣ್ಣ ಮಾರೇನಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವರ ತಂದೆ ರಾಗಿ ಬಿತ್ತಿದ ಜಾಗದಲ್ಲೇ ಈಗ ಅವರ ಬಾಡಿಗೆ ಮನೆಗಳು ಎದ್ದಿವೆ. ಹೊಲ ಹೋದರೂ ಮಳೆಯ ಮೇಲಿನ ಹಕ್ಕನ್ನು ಅವರು ಬಿಟ್ಟುಕೊಟ್ಟಿಲ್ಲ. ಫೋನಿನಲ್ಲಿ ರೇಡಾರ್ ಚಿತ್ರ ತೆರೆದು, ಹಸಿರು ಹಳದಿ ಚುಕ್ಕೆಗಳನ್ನು ಬೆರಳಿನಿಂದ ಹಿಗ್ಗಿಸಿ, "ಇದು ಮಾಗಡಿ ಕಡೆ ಹೋಗತ್ತೆ, ನಮಗಿಲ್ಲ" ಎಂದು ಅವರು ತೀರ್ಪು ಕೊಟ್ಟರೆ ಮೇಲ್ಮನವಿಗೆ ಅವಕಾಶವಿಲ್ಲ.

ಬಳಗದ ಇನ್ನೊಬ್ಬ ಮುಖ್ಯ ಸದಸ್ಯರು ನಾಗೇಂದ್ರ. ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಮೇಲೆ, ನಮ್ಮ ಪಕ್ಕದ ಬೀದಿಯ ಬಾಡಿಗೆ ಮನೆ ಬಿಟ್ಟು, ಕೆಂಗೇರಿಯಲ್ಲಿ ಪುಟ್ಟದೊಂದು ಸ್ವಂತ ಮನೆ ಕಟ್ಟಿಸಿಕೊಂಡು ಹೋದರು. ಹೋಗುವಾಗ ನಾವೆಲ್ಲ ಸೇರಿ ಗೋಡೆ ಗಡಿಯಾರ ಕೊಟ್ಟೆವು, "ವಾರಕ್ಕೊಂದ್ಸಲ ಬರ್ತೀವಿ, ಮೆಟ್ರೋ ಇದೆಯಲ್ಲ" ಎಂದೆವು. ಮೆಟ್ರೋ ಈಗಲೂ ಇದೆ.

ಮಳೆಯಿಲ್ಲದ ಆ ದಿನಗಳಲ್ಲೇ ಒಂದು ಸಂಜೆ ಗುಂಪಿನಲ್ಲಿ ನಾಗೇಂದ್ರರ ಸಂದೇಶ ಬಂತು: "ಕೆಂಗೇರಿಯಲ್ಲಿ ಮಳೆ." ಎರಡೇ ಶಬ್ದ. ನಮ್ಮ ಬಳಗದಲ್ಲಿ ಯಾರಿಗಾದರೂ ಮೊಮ್ಮಗು ಹುಟ್ಟಿದಾಗಲೂ ಅಷ್ಟು ಸಂಭ್ರಮ ಆಗಿರಲಿಲ್ಲ. ಒಬ್ಬರಾದ ಮೇಲೊಬ್ಬರು ಫೋನು ಮಾಡಿದೆವು. ಎಷ್ಟು ಹೊತ್ತು ಬಂತು, ಗುಡುಗಿತ್ತೇ, ಗಾಳಿ ಯಾವ ಕಡೆಯದು, ಮಣ್ಣಿನ ವಾಸನೆ ಬಂತೇ? ನಾಗೇಂದ್ರ ಎಲ್ಲಕ್ಕೂ ಸಾವಧಾನವಾಗಿ ಉತ್ತರಿಸಿದರು. ಕೆಲವು ದಿನ ಬಿಟ್ಟು ಮತ್ತೊಮ್ಮೆ ಮಳೆ, ಆಮೇಲೆ ಇನ್ನೊಮ್ಮೆ. ಅತ್ತಿಗುಪ್ಪೆಯಿಂದ ಕೆಂಗೇರಿಗೆ ಇರುವ ದೂರ ಎಷ್ಟು ಮಹಾ? ಆದರೂ ಮೇಘರಾಜನ ಕೃಪಾದೃಷ್ಟಿ ಅಲ್ಲಿಗೇ ಸೀಮಿತವಾಗಿತ್ತು. ಅಸೂಯೆಯೆಂಬುದು ನನ್ನಂಥ ಸಾತ್ವಿಕನನ್ನೂ ಬಿಡಲಿಲ್ಲ. ಬೇರೆಯವರ ಮನೆಯ ಕಾರು, ಬೇರೆಯವರ ಮಗನ ಸಂಬಳ ಕಂಡು ಅಲುಗದ ನಾನು, ಬೇರೆಯವರ ತಾರಸಿಯ ಮೇಲೆ ಬಿದ್ದ ಮಳೆಯ ನೆನಪಿನಲ್ಲಿ ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಕೊನೆಗೊಂದು ದಿನ ತಡೆಯಲಾರದೆ ಕೊಡೆ ಹಿಡಿದು ಹೊರಟೆ.

"ಈ ಬಿಸಿಲಲ್ಲಿ ಎಲ್ಲಿಗೆ?" ವಿಮಲ ಕೇಳಿದಳು.

"ಕೆಂಗೇರಿಗೆ. ನೆನೆಯೋಕ್ಕೆ."

"ಮಳೇಲಿ ನೆನೆಯೋಕ್ಕೋ, ನಾಗೇಂದ್ರ ಅವರನ್ನ ನೆನೆಯೋಕ್ಕೋ? ಗೃಹಪ್ರವೇಶದ ಊಟ ಮಾಡಿ ಬಂದೋರು, ಮತ್ತೆ ಆ ಕಡೆ ತಲೆ ಹಾಕಿದೀರಾ?"

ಶಬ್ದದ ಚಮತ್ಕಾರವೆಲ್ಲ ನನ್ನ ಸೊತ್ತೆಂದು ಬೀಗುತ್ತಿದ್ದವನು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ಮೆಟ್ರೋ ಹತ್ತಿದೆ. ನಾಯಂಡಹಳ್ಳಿ ದಾಟುವಾಗ ಕೆಳಗೆ ವೃಷಭಾವತಿ ತನ್ನ ಕಪ್ಪು ನೀರನ್ನೂ ಬಿಳಿ ನೊರೆಯನ್ನೂ ಹೊತ್ತು ಹರಿಯುತ್ತಿತ್ತು. ನಗರದಲ್ಲಿ ಬತ್ತದೆ ಉಳಿದಿದ್ದ ನೀರು ಅದೊಂದೇ ಇರಬೇಕು. ಜ್ಞಾನಭಾರತಿ ಬರುವಷ್ಟರಲ್ಲಿ ಫೋನು ಮಿಡಿಯಿತು. ನಾಗೇಂದ್ರರದೇ ಸಂದೇಶ: "ಹನಿ ಶುರುವಾಯಿತು." ಎದುರು ಕೂತಿದ್ದ ಕಾಲೇಜು ಹುಡುಗಿಗೆ ಈ ಸುದ್ದಿ ಹೇಳಿಬಿಡಲೇ ಎನ್ನಿಸಿ, ಬಿಳಿಗೂದಲಿನ ಗೌರವ ನೆನೆದು ಸುಮ್ಮನಾದೆ.

ಕೆಂಗೇರಿಯಲ್ಲಿ ಇಳಿದರೆ ರಣಬಿಸಿಲು. ರಸ್ತೆಯ ಧೂಳು ಹಿಟ್ಟಿನ ಗಿರಣಿಯಲ್ಲಿ ಹಾರಿದ ಹಾಗೆ ಹಾರುತ್ತಿತ್ತು. ಆಟೋದವನನ್ನು ಕೇಳಿದೆ, "ಮಳೆ ಯಾವ ಕಡೆ ಬರ್ತಾ ಇದೆಯಪ್ಪ?"

ಅವನು ನನ್ನ ಕೊಡೆಯನ್ನೂ ಮುಖವನ್ನೂ ನೋಡಿದ. "ಮಳೆನಾ? ನೆರಳಲ್ಲಿ ಕೂತ್ಕೊಳ್ಳಿ ಸಾರ್, ನೀರು ಕುಡೀರಿ" ಎಂದ, ಬಹಳ ಮರುಕದಿಂದ.

ನಾಗೇಂದ್ರರ ಮನೆಯ ಬಾಗಿಲು ತೆಗೆದವರು ಅವರ ಹೆಂಡತಿ ಗಿರಿಜಮ್ಮ. ನನ್ನನ್ನು ಕಂಡು ಅವರ ಮುಖ ಅರಳಿತು. "ಅಯ್ಯೋ, ಬನ್ನಿ ಬನ್ನಿ! ಏನು, ಬಿಸಿಲಿಗೆ ಕೊಡೆನಾ?"

"ಇಲ್ಲಮ್ಮ, ಮಳೆಗೆ."

"ಎಲ್ಲಿ ಬರಬೇಕು ಮಳೆ? ಸರಿಯಾಗಿ ಸುರಿದು ಯಾವ ಕಾಲವಾಯ್ತೋ. ನಮ್ಮ ಕರಿಬೇವಿನ ಗಿಡ ನೋಡಿ, ಹೆಂಗೆ ಒಣಗಿದೆ."

ಅವರ ಹಿಂದೆ ಫೋನು ಹಿಡಿದು ನಿಂತಿದ್ದ ನಾಗೇಂದ್ರರ ಮುಖ ನಾನು ನೋಡುತ್ತಿದ್ದಂತೆಯೇ ಬಿಳಿಚಿಕೊಂಡಿತು. ಗಿರಿಜಮ್ಮ ಕಾಫಿಗೆಂದು ಒಳಗೆ ಹೋದರು. ನಾವಿಬ್ಬರೂ ಕುರ್ಚಿಗಳಲ್ಲಿ ಎದುರುಬದುರು ಕೂತೆವು. ಬಳಗ ಕೊಟ್ಟ ಗಡಿಯಾರ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

"ಮೊದಲನೇ ದಿನ ನಿಜವಾಗ್ಲೂ ಹನಿ ಬಿತ್ತು ಕಣ್ರೀ ಶಂಕರ್" ಎಂದರು ನಾಗೇಂದ್ರ, ನೆಲ ನೋಡುತ್ತ. "ನೆಲ ಕೂಡ ಒದ್ದೆಯಾಗ್ಲಿಲ್ಲ. ಆದ್ರೂ ಹಾಕಿದೆ. ಎಷ್ಟೊಂದು ಫೋನ್ ಬಂತು ಗೊತ್ತಾ? ಗಿರಿಜ ಆಶ್ಚರ್ಯಪಟ್ಲು, ಇವತ್ತು ನಿಮ್ಮ ಹುಟ್ಟಿದಹಬ್ಬವೇನು ಅಂದ್ಲು. ಮಾರನೇ ದಿನ ಮಳೆ ಬರಲಿಲ್ಲ. ಫೋನೂ ಬರಲಿಲ್ಲ."

ನಾನು ಕೊಡೆಯನ್ನು ಕುರ್ಚಿಯ ಹಿಂದಕ್ಕೆ ಸರಿಸಿದೆ.

"ನಾನು ಗುಡ್ ಮಾರ್ನಿಂಗ್ ಹಾಕಿದ್ರೆ ಯಾರಾದ್ರೂ ನೋಡ್ತೀರಾ? ಹೊಸ ಮನೆ ಫೋಟೋ ಹಾಕಿದ್ರೆ ನೋಡಿದ್ರಾ? ಮಳೆ ಅಂದ್ರೆ ನೋಡಿ, ನೀವು ಕೊಡೆ ಹಿಡ್ಕೊಂಡು ಬಂದೇಬಿಟ್ರಿ."

ಸುಳ್ಳು ಹೇಳಿದವರು ಅವರು. ನಾಚಿಕೆ ಮಾತ್ರ ಇಬ್ಬರಿಗೂ ಸಮಪಾಲಾಗಿ ಬಂತು. ಗಿರಿಜಮ್ಮ ಊಟ ಮಾಡಿಸದೆ ಬಿಡಲಿಲ್ಲ. ಬಿಸಿ ಬಿಸಿ ನುಗ್ಗೆಕಾಯಿ ಹುಳಿ ಬಡಿಸುತ್ತ ಹಳೆಯ ಬೀದಿಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದರು. ಹೊರಡುವಾಗ ನಾಗೇಂದ್ರ ಗೇಟಿನ ತನಕ ಬಂದು ನನ್ನ ಕೈ ಹಿಡಿದರು. "ಗ್ರೂಪಲ್ಲಿ ಹೇಳ್ತೀರಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಆ ವಾರವೇ ಗಂಗಣ್ಣನವರ ಬೋರ್‌ವೆಲ್ಲು ಕೈಕೊಟ್ಟಿತು. ಕೆಂಗೇರಿಗೆ ಬಂದ ಮಳೆ ಇವತ್ತೋ ನಾಳೆಯೋ ಮಾರೇನಹಳ್ಳಿಗೂ ಬಂದೇ ಬರುತ್ತದೆ, ಆಗ ಬೋರಿಗೂ ಜೀವ ಬರುತ್ತದೆ ಎಂದು ಲೆಕ್ಕ ಹಾಕಿ, ಟ್ಯಾಂಕರ್ ತರಿಸೋಣವೆಂದ ಬಾಡಿಗೆದಾರರಿಗೆ ಅವರು "ಸ್ವಲ್ಪ ತಡೀರಿ" ಎಂದಿದ್ದರಂತೆ. ಒಂದು ಬೆಳಗ್ಗೆ ಯಾರ ನಲ್ಲಿಯಲ್ಲೂ ನೀರಿಲ್ಲ. ಶಾಲೆಗೆ ಹೊರಟ ಮಕ್ಕಳು ಮುಖ ಕೂಡ ತೊಳೆಯದೆ ಮೆಟ್ಟಿಲ ಮೇಲೆ ನಿಂತಿದ್ದವು; ಅವುಗಳ ತಾಯಂದಿರು ಗಂಗಣ್ಣನವರಿಗೆ ಬೀದಿಯೆಲ್ಲ ಕೇಳುವಂತೆ ಮಂಗಳಾರತಿ ಮಾಡಿದರು. ಅಂದೇ ಅವರು ಗುಂಪಿನಲ್ಲಿ ಬರೆದರು: "ರೇಡಾರಿನಲ್ಲಿ ಕೆಂಗೇರಿ ಮೇಲೆ ಒಂದು ಚುಕ್ಕೆ ಮೋಡವೂ ಇಲ್ಲ. ನಾಗೇಂದ್ರ, ನಿಮ್ಮ ಮಳೆಯ ಫೋಟೋ ಹಾಕಿ." ಫೋಟೋ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಾಗೇಂದ್ರ ಗುಂಪು ಬಿಟ್ಟಿದ್ದಾರೆಂಬ ಸೂಚನೆ, ಪರದೆಯ ನಡುವೆ ಸಣ್ಣ ಅಕ್ಷರದಲ್ಲಿ, ಬಂದು ಕೂತಿತು.

ಅವರ ಫೋನು ಆಫ್ ಆಗಿತ್ತು. ಮೂರ್ನಾಲ್ಕು ದಿನ ಕಳೆದ ಮೇಲೆ ಗಿರಿಜಮ್ಮನೇ ನನಗೆ ಫೋನು ಮಾಡಿದರು. "ಏನಾಯ್ತು ಅಂತ ಬಾಯಿ ಬಿಡ್ತಾ ಇಲ್ಲ. ಫೋನ್ ಬೀರುವಿನಲ್ಲಿ ಇಟ್ಬಿಟ್ಟಿದಾರೆ. ವಾಕಿಂಗ್ ಇಲ್ಲ, ಊಟ ಸೇರ್ತಿಲ್ಲ, ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಭಯ ಆಗತ್ತೆ. ನೀವೊಂದ್ಸಲ ಬನ್ನಿ."

ಹಿಂದಿನ ಚಡಪಡಿಕೆಯೆಲ್ಲ ಆಟವಾಗಿತ್ತೆಂದು ನನಗೆ ಆಗ ಅನ್ನಿಸಿತು. ನೇರವಾಗಿ ಗಂಗಣ್ಣನವರ ಮನೆಗೆ ಹೋದೆ. ಅವರು ಸಂಪಿನ ಮುಚ್ಚಳ ತೆಗೆದು, ಟ್ಯಾಂಕರ್ ತುಂಬಿಸಿಹೋದ ನೀರನ್ನು ಇಣುಕಿ ನೋಡುತ್ತಿದ್ದರು. ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಮೊದಲು ಅವರಿಗೆ ಸಿಟ್ಟೇ ಬಂತು.

"ಫೋನ್ ಬರ್ಲಿ ಅಂತ ಮಳೆ ಬರಿಸ್ಬಿಟ್ನಾ? ಹೆಣ್ಮಕ್ಕಳ ಕೈಲಿ ನಾನು ಬೈಸ್ಕೊಂಡೆನಲ್ಲ ಶಂಕ್ರಣ್ಣ!"

ಆಮೇಲೆ ಮುಚ್ಚಳ ಹಾಕಿ ಅದರ ಮೇಲೆಯೇ ಕೂತರು. ತಮಗೇ ಹೇಳಿಕೊಳ್ಳುವವರಂತೆ ಅಂದರು, "ರೇಡಾರಲ್ಲಿ ಮೋಡ ಇರ್ಲಿಲ್ಲ ಅನ್ನೋದು ನಂಗೆ ಅವನು ಮಳೆ ಅಂದ ದಿನಾನೇ ಕಂಡಿತ್ತು. ಸಣ್ಣ ಮೋಡ ಇರ್ಬೋದು, ಕಾಣಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ. ಅವನು ಸುಳ್ಳು ಹೇಳ್ದ ಸರಿ. ನಂಗೂ ಅದೇ ಬೇಕಾಗಿತ್ತು."

ಆ ಮಾತು ನನ್ನ ಮೈಗೂ ತಾಗಿತು. ಆಟೋದವನನ್ನು ಕೇಳಿದ್ದು "ಮಳೆ ಬರ್ತಾ ಇದೆಯಾ" ಎಂದಲ್ಲ, "ಯಾವ ಕಡೆ ಬರ್ತಾ ಇದೆ" ಎಂದಲ್ಲವೇ? ಕಾಯುವವರು ಎಲ್ಲವನ್ನೂ ನಂಬಲು ಸಿದ್ಧರಾಗಿರುತ್ತಾರೆ. ನಾವು ಮಳೆಗೆ ಕಾದ ಹಾಗೆಯೇ ನಾಗೇಂದ್ರ ನಮಗೆ ಕಾದಿದ್ದರು. ಅವರ ಪಾಲಿನ ಆಕಾಶವೂ ನಮ್ಮದರಷ್ಟೇ ಒಣಗಿತ್ತು.

"ನಡೀರಿ" ಎಂದು ಗಂಗಣ್ಣ ಎದ್ದು ಚಪ್ಪಲಿ ಮೆಟ್ಟಿದರು.

ನಾವು ಹೋದಾಗ ಇಳಿಹೊತ್ತು. ನಾಗೇಂದ್ರ ಒಳಕೋಣೆಯಿಂದ ಬರಲಿಲ್ಲ. ಗಿರಿಜಮ್ಮ ಕರೆದರೂ ಬರಲಿಲ್ಲ. ಗಂಗಣ್ಣ ಕೋಣೆಯ ಬಾಗಿಲಲ್ಲಿ ನಿಂತು, ಕ್ಷಮೆಯ ಮಾತನ್ನೂ ಆಡದೆ, ಬೈಗುಳವನ್ನೂ ಆಡದೆ, "ನಾಗೇಂದ್ರಾ, ರಾಮನಗರದ ಕಡೆ ಏನೋ ಕಪ್ಪಗೆ ಕಾಣ್ತಾ ಇದೆ. ಮೇಲಕ್ಕೆ ಹತ್ತಿ ನೋಡೋಣ ಬನ್ನಿ. ನಿಮ್ಮ ತಾರಸಿ ನಂಗೆ ಗೊತ್ತಿಲ್ಲ" ಎಂದರು. ಒಳಗೆ ಮಂಚ ಕಿರುಗುಟ್ಟಿತು. ಗಡ್ಡ ಬೆಳೆದ ಮುಖದ ನಾಗೇಂದ್ರ ನಮ್ಮನ್ನು ನೋಡದೆಯೇ ಮುಂದೆ ನಡೆದು ಮೆಟ್ಟಿಲು ಹತ್ತಿದರು.

ನಿಜವಾಗಿಯೂ ಮೋಡವಿತ್ತು. ನೈಋತ್ಯದಲ್ಲಿ ಆನೆಯ ಬೆನ್ನಿನಂತೆ ಎದ್ದು, ನೋಡನೋಡುತ್ತ ಅಗಲವಾಯಿತು. ಗಾಳಿ ಎದ್ದಿತು. ದೂರದಲ್ಲೊಂದು ಮಿಂಚು. ಮೂವರೂ ಪ್ಯಾರಪೆಟ್ ಗೋಡೆ ಹಿಡಿದು ಉಸಿರು ಬಿಗಿಹಿಡಿದೆವು. ಗಂಗಣ್ಣ ರೇಡಾರ್ ತೆರೆಯಲೇ ಇಲ್ಲ. ಕೊನೆಗೆ ಆ ಮೋಡ, ಯಾರೋ ಕರೆದ ಹಾಗೆ, ನಿಧಾನವಾಗಿ ಬಲಕ್ಕೆ ತಿರುಗಿತು.

"ಮಾಗಡಿ" ಎಂದರು ಗಂಗಣ್ಣ.

"ಮಾಗಡಿನೇ" ಎಂದರು ನಾಗೇಂದ್ರ. ಆ ದಿನ ಅವರು ಆಡಿದ ಮೊದಲ ಮಾತು ಅದು. ಅಷ್ಟು ಹೇಳಿ ನಕ್ಕರು, ನಾವೂ ನಕ್ಕೆವು. ಮಳೆ ಬಾರದಿದ್ದರೂ ಅದು ಕಳಿಸಿದ ಗಾಳಿಯಲ್ಲಿ ಈ ಕಾಲದ ಮೊದಲ ಚಳಿಯಿತ್ತು. ಗಿರಿಜಮ್ಮ ಬೋಂಡದ ತಟ್ಟೆ ತಂದವರು ಗಂಡನ ಮುಖ ನೋಡಿ, ಏನೂ ಕೇಳದೆ, ಒಂದು ಶಾಲು ತಂದು ಅವರ ಹೆಗಲಿಗೆ ಹಾಕಿ ಕೆಳಗಿಳಿದರು.

ಗಂಗಣ್ಣ ನಾಗೇಂದ್ರರ ಫೋನನ್ನು ಬೀರುವಿನಿಂದ ತರಿಸಿ, ಅವರನ್ನು ಮತ್ತೆ ಗುಂಪಿಗೆ ಸೇರಿಸಿದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಅಕ್ಷರ ಒತ್ತುತ್ತ ಬರೆದರು: "ಕೆಂಗೇರಿ. ಮೋಡ ಬಂದು ಹೋಯಿತು. ಮಳೆ ಇಲ್ಲ. ಚಳಿ ಶುರು. ನಾವು ಮೂವರು ನಾಗೇಂದ್ರರ ತಾರಸಿಯಲ್ಲಿದ್ದೇವೆ."

ಇಷ್ಟು ಸಪ್ಪೆ ವರದಿಗೆ ಯಾರು ತಾನೆ ಸ್ಪಂದಿಸುತ್ತಾರೆ ಎಂದುಕೊಂಡು ನಾನು ಬೋಂಡಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ನಾಗೇಂದ್ರರ ಫೋನು ಬಡಿದುಕೊಂಡಿತು. ಬೆಂಚಿನ ಹಳೆಯ ಗೆಳೆಯರೊಬ್ಬರ ಹೆಸರು. ನಾಗೇಂದ್ರ ಆ ಹೆಸರನ್ನೇ ನೋಡುತ್ತ ಕೂತರು. ನನಗೆ ಅಳುಕು, ಏನು ಹೇಳುತ್ತಾರೋ ಎಂದು. ಅವರು ಶಾಲನ್ನು ಎದೆಗೆ ಎಳೆದುಕೊಂಡು, ಫೋನು ಕಿವಿಗಿಟ್ಟು, ಕೆಳಗಿನ ರಸ್ತೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು:

"ಇಲ್ಲ ಕಣ್ರೀ, ಒಂದು ಹನಿನೂ ಇಲ್ಲ! ನೀವೂ ಬನ್ನಿ, ಕಾಯೋಣ."