ಹೊಟ್ಟೆ ಸೀಳಿದ ಧೂರು

ನಮ್ಮತ್ತಿಗೆ ಕೈಗೆ ಪೆನ್ನು ಬಂತು ಅಂದರೆ ಅಕ್ಷರಗಳಿಗೆ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ದ ಇರಬೇಕಾದ ಕಡೆ ಧ, ಬ ಇರಬೇಕಾದ ಕಡೆ ಭ. ಎಲ್ಲದರ ಹೊಟ್ಟೆ ಸೀಳಿಬಿಡುತ್ತಾರೆ. ‘ಧಯವಿಟ್ಟು ಭಾಗಿಲು ಹಾಕಿ’ ಅಂತ ಅವರು ಬರೆದ ಚೀಟಿ ನಮ್ಮ ಆಫೀಸಿನ ಪ್ರತಿ ಬಾಗಿಲ ಮೇಲೂ ಇತ್ತು. ತಿದ್ದೋಕೆ ಹೋದರೆ ನನ್ನ ಮೇಲೇ ಬೀಳೋರು. “ಗಟ್ಟಿಯಾಗಿ ಹೇಳೋದನ್ನ ಗಟ್ಟಿಯಾಗೇ ಬರೀಬೇಕು ಕಣೇ. ನಿನ್ನ ಬಡಕಲು ದ ನೋಡಿ ಯಾರು ಬಾಗಿಲು ಹಾಕ್ತಾರೆ?”

ಅತ್ತಿಗೆ ಅಂದರೆ ನನ್ನಣ್ಣನ ಹೆಂಡತಿ. ನಾನೂ ಅವರೂ ಇರೋದು ಒಂದೇ ಮನೆ, ದುಡಿಯೋದೂ ಒಂದೇ ಕಡೆ. ಕಾಯಿಲೆಯವರಿಗೆ, ವಯಸ್ಸಾದವರಿಗೆ ವೀಲ್‌ಚೇರು, ಊರುಗೋಲು, ಮಂಚ ಇಂಥವನ್ನೆಲ್ಲ ಪುಕ್ಕಟೆಯಾಗಿ ಎರವಲು ಕೊಡುವ ಸೇವಾ ಸಂಸ್ಥೆ. ನಾನು ಮುಂಬಾಗಿಲಲ್ಲಿ ಫೋನ್ ಎತ್ತೋಳು. ಅತ್ತಿಗೆ ಹಿಂದಿನ ಉಗ್ರಾಣದಲ್ಲಿ. ವಾಪಸ್ ಬಂದ ಕುರ್ಚಿ ತೊಳೆಯೋದು, ಗಾಲಿಗೆ ಸುತ್ತಿಕೊಂಡ ಕೂದಲು ಕೀಳೋದು, ಬ್ರೇಕ್ ಬಿಗಿ ಮಾಡೋದು ಅವರ ಕೆಲಸ. ಕೊನೆಗೆ ತಾವೇ ಕೂತು ಅಂಗಳದ ಇಳಿಜಾರಲ್ಲಿ ಜರ್ರನೆ ಇಳಿದು, ಅರ್ಧದಲ್ಲಿ ಬ್ರೇಕ್ ಹಾಕಿ ನೋಡೋರು. ನಿಂತರೆ ಕುರ್ಚಿ ಪಾಸು. ಐವತ್ತು ದಾಟಿದ ಹೆಂಗಸು ಹೀಗೆ ಜಾರೋದನ್ನ ನೋಡೋಕೆ ನಮಗೆಲ್ಲ ಖುಷಿಯೋ ಖುಷಿ. ಮ್ಯಾನೇಜರ್ ಮಾತ್ರ ಮುಖ ಸಿಂಡರಿಸೋನು. ಆ ಗ್ರೀಸ್ ಕೈಗೆ ಅಕ್ಷರ ಬರುತ್ತೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಮಹಡಿ ಮೇಲೆ ಕೂತವನು, ಉಗ್ರಾಣಕ್ಕೆ ಇಳಿದಿದ್ದರೆ ತಾನೆ!

ಅತ್ತಿಗೆ ಒಂದು ವಾರ ರಜಾ ಹಾಕಿದ್ದಾಗ ಆ ಪುಣ್ಯಾತ್ಮ ಇಳಿದಿದ್ದು ನಿಜ. ದಾನವಾಗಿ ಬಂದಿದ್ದ ಆರು ಹೊಸ ವೀಲ್‌ಚೇರುಗಳನ್ನ ತನ್ನ ಭಾಮೈದನ ಕ್ಲಿನಿಕ್ಕಿಗೆ ಸಾಗಿಸಿದ. ಬ್ರೇಕ್ ಹೋಗಿದೆ ಅಂತ ಅತ್ತಿಗೆ ಮೂಲೆಗೆ ಹಾಕಿದ್ದ ಹಳೆಯವನ್ನ ಕೇಳಿದವರಿಗೆ ಕೊಟ್ಟು ಕಳಿಸಿದ. ಅದರಲ್ಲೊಂದು ಒಬ್ಬ ಮುದುಕ ದರ್ಜಿಯ ಮನೆ ಸೇರಿತು. ಮೂರನೇ ದಿನ ಬಾಗಿಲ ಇಳಿಜಾರಲ್ಲಿ ಕುರ್ಚಿ ನಿಲ್ಲಲಿಲ್ಲ. ಆ ಯಜಮಾನರು ಬಿದ್ದು ಬಲಗೈ ಮುರಿದುಕೊಂಡರು. ಅವರ ಮಗಳ ಫೋನ್ ಎತ್ತಿದ್ದು ನಾನೇ. “ಅಪ್ಪ ಇನ್ನು ಕತ್ತರಿ ಹಿಡಿಯೋದು ಹೇಗಮ್ಮಾ?” ಅಂತ ಅವಳು ಅತ್ತಳು. ಸಂಜೆ ಅತ್ತಿಗೆಗೆ ಎಲ್ಲ ಹೇಳಿದೆ.

ಕೇಳಿದ ಮೇಲೆ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಸಂಕಟ ನನಗೂ ಅರ್ಥ ಆಗಿತ್ತು. ಅಣ್ಣ ಬೆನ್ನು ನೋವಿಂದ ಮಲಗಿ ವರ್ಷವಾಯಿತು. ಬಾಯಿ ಬಿಟ್ಟು ಅತ್ತಿಗೆ ಕೆಲಸ ಹೋದರೆ ಮನೆ ನಡೆಯೋದು ಕಷ್ಟ.

ನಮ್ಮಲ್ಲಿ ದೂರಿನ ಪೆಟ್ಟಿಗೆ ಅಂತ ಒಂದಿದೆ. ಹೆಸರು ಬರೆಯಬೇಕಿಲ್ಲ, ಬರೆದವರು ಯಾರು ಅಂತ ಯಾರೂ ಹುಡುಕೋ ಹಾಗಿಲ್ಲ, ಬೀಗದ ಕೈ ಅಧ್ಯಕ್ಷೆ ಹತ್ತಿರವೇ ಇರಬೇಕು. ಮೂರೂ ನಿಯಮ ಪೆಟ್ಟಿಗೆ ಮೇಲೆಯೇ ಅಚ್ಚಾಗಿವೆ. ಆದರೆ ಅಧ್ಯಕ್ಷೆ, ಅಂದರೆ ನಮ್ಮ ದೊಡ್ಡ ಮೇಡಂ, ಮಗಳ ಬಾಣಂತನಕ್ಕೆ ಹೋಗುವಾಗ ಬೀಗದ ಕೈಯನ್ನ ನಂಬಿ ಕೊಟ್ಟಿದ್ದು ಯಾರಿಗೆ? ಈ ಮ್ಯಾನೇಜರ್ ಮಹಾರಾಯನಿಗೆ! ಅದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಅವನು ಪೆಟ್ಟಿಗೆಯಲ್ಲಿ ಸಿಕ್ಕ ಕಾಗದ ಹಿಡಿದು ಧುಮುಗುಟ್ಟುತ್ತ ಇಳಿದು ಬಂದ. “ಯಾವನೋ ಬರೆದಿದ್ದಾನೆ, ‘ಧೂರು’ ಅಂತೆ! ದೂರು ಅನ್ನೋಕೂ ಬರಲ್ಲ, ಹೊಟ್ಟೆ ಸೀಳಿದ್ದಾನೆ. ನಾಳೆ ಹತ್ತು ಗಂಟೆಗೆ ಎಲ್ಲರೂ ನನ್ನ ಮುಂದೆ ಬರೀಬೇಕು. ಕಳ್ಳ ತಾನಾಗೇ ಸಿಗ್ತಾನೆ.”

ಬರೆಯಬೇಕಾದ ಹನ್ನೆರಡು ಜನರಲ್ಲಿ ಅತ್ತಿಗೆ ಬಿಟ್ಟು ನಾವು ಹನ್ನೊಂದು ಜನಕ್ಕೂ ಗೊತ್ತು ಅದು ಯಾರ ಅಕ್ಷರ ಅಂತ. ಅತ್ತಿಗೆ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಉಗ್ರಾಣಕ್ಕೆ ಹೊರಟರು. ಒಂದೇ ಮನೆಯಲ್ಲಿದ್ದು ನನಗೂ ಹೇಳಿಲ್ಲವಲ್ಲ ಅಂತ ಮೈಯೆಲ್ಲ ಉರಿದುಹೋಯಿತು. ಹೇಳದೆ ಇದ್ದವರನ್ನ ಕೇಳೋದು ಹೇಗೆ?

ಅವರು ಉಗ್ರಾಣದಲ್ಲಿದ್ದಾಗ ನಾವೆಲ್ಲ ಸನ್ನೆಯಲ್ಲೇ ಮಾತಾಡಿಕೊಂಡೆವು. ಡ್ರೈವರ್ ಬಾಗಿಲುಗಳ ಮೇಲಿದ್ದ ಚೀಟಿಗಳನ್ನೆಲ್ಲ ಕಿತ್ತು ಜೇಬಿಗೆ ತುರುಕಿದ. ನಾನು ದೊಡ್ಡ ಮೇಡಂಗೆ ಫೋನ್ ಮಾಡಿದೆ. “ಯಾರು ಬರೆದರು ಅಂತ ನನಗೂ ಹೇಳಬೇಡ. ನಾಳೆ ಅವನು ಬರೆಸುವಾಗ ಫೋನ್ ಸ್ಪೀಕರಿಗೆ ಹಾಕಿಡು. ನಾನೇ ಕೇಳಿಸಿಕೊಳ್ತೀನಿ” ಅಂದರು.

ಮರುದಿನ ಎಲ್ಲರೂ ನನ್ನ ಮೇಜಿನ ಸುತ್ತ ಕೂತೆವು. ಮ್ಯಾನೇಜರ್ ಮೇಷ್ಟರ ಥರ ಉಕ್ತಲೇಖನ ಹೇಳಿದ. “ದಯವಿಟ್ಟು ಈ ದೂರು ಬೇಗ ಓದಿ.” ನಾವು ತಲೆ ತಗ್ಗಿಸಿ, ನಗು ನುಂಗಿ, ಸಿಕ್ಕ ಸಿಕ್ಕ ಅಕ್ಷರದ ಹೊಟ್ಟೆ ಸೀಳಿದೆವು.

ಅವನು ಚೀಟಿ ಬಿಡಿಸಿದ. ಧೂರು. ಇನ್ನೊಂದು, ಧೂರು. ಮತ್ತೊಂದು, ಅದೂ ಧೂರು! ಕಾವಲುಗಾರ ಅಂತೂ ‘ಈ’ ಅಕ್ಷರಕ್ಕೂ ಸೀಳು ಎಳೆದು ಹೊಸ ಅಕ್ಷರವನ್ನೇ ಹುಟ್ಟಿಸಿದ್ದ. ಹನ್ನೊಂದು ಚೀಟಿ ಹೀಗೇ. ಒಂದೇ ಒಂದು ಮಾತ್ರ ಸರಿ, ಮುತ್ತಿನಂಥ ಅಕ್ಷರ. ಅದು ಅತ್ತಿಗೆಯದು! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈಯಮ್ಮ ಹಿಂದಿನ ಸಂಜೆಯೆಲ್ಲ ಪೇಪರ್ ಮುಂದಿಟ್ಟುಕೊಂಡು ಕೂತಿದ್ದು ಇದನ್ನ ಕಲಿಯೋಕೆ!

ಮ್ಯಾನೇಜರ್ ಮುಖ ಕೆಂಪಗಾಯಿತು. “ಎಲ್ಲ ಸೇರಿ ಆಟ ಆಡ್ತಿದ್ದೀರಾ? ಯಾರಾದರೇನು, ಒಬ್ಬನನ್ನ ಕಳಿಸ್ತೀನಿ.” ಕಾವಲುಗಾರನ ಕಡೆ ಬೆರಳು ತೋರಿಸಿದ. “ನೀನು ನಾಳೆಯಿಂದ ಬರಬೇಡ.”

ಕಾವಲುಗಾರ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅತ್ತಿಗೆ ಎದ್ದು ನಿಂತರು. “ಅವರಲ್ಲ ಸಾರ್. ಬರೆದಿದ್ದು ನಾನು.”

“ಸುಮ್ಮನೆ ಕೂತ್ಕೊಳಮ್ಮ. ಇಲ್ಲಿ ನೆಟ್ಟಗೆ ಬರೆದಿರೋದು ನೀನೊಬ್ಬಳೇ.”

ಇದಕ್ಕಿಂತ ಫಜೀತಿ ಬೇಕಾ? ತಪ್ಪೊಪ್ಪಿಕೊಂಡರೂ ನಂಬೋರಿಲ್ಲ. ಅತ್ತಿಗೆ ಸೀದಾ ಗೋಡೆಯ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತಗೊಂಡರು. ‘ಧೂರು. ಭ್ರೇಕ್ ಇಲ್ಲಧ ಕುರ್ಚಿ ಕೊಟ್ಟು ಮುಧುಕರ ಕೈ ಮುರಿಸಿಧಿರಿ. ಹೊಸ ಕುರ್ಚಿ ನಿಮ್ಮ ಭಾಮೈಧನ ಕ್ಲಿನಿಕ್ಕಿನಲ್ಲಿ ಇಧೆ.’ ಪೆಟ್ಟಿಗೆಯಲ್ಲಿದ್ದ ಕಾಗದದ ಒಂದಕ್ಷರವನ್ನೂ ಬಿಡದೆ ಬರೆದರು.

ಮ್ಯಾನೇಜರ್ ಬಿಳಚಿಕೊಂಡ. “ನಿನಗೆ ಕೆಲಸ ಬೇಡವಾ?”

“ಬೇಕು ಸಾರ್. ಬೇಕಾಗಿರೋದಕ್ಕೇ ಬರೆದೆ. ಕೂತವರು ಬಿದ್ದು ಕೈ ಮುರ್ಕೊಳ್ಳೋದಾದರೆ ನಾನಿಲ್ಲಿ ಯಾಕಿರಬೇಕು?”

ಫೋನಿಂದ ದೊಡ್ಡ ಮೇಡಂ ದನಿ ಬಂತು. “ಅವರೂ ಇರ್ತಾರೆ, ಕಾವಲುಗಾರನೂ ಇರ್ತಾನೆ. ನೀವು ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಹೊರಡಿ. ಮಿಕ್ಕಿದ್ದನ್ನ ನಾನು ಬಂದ ಮೇಲೆ ವಿಚಾರಿಸ್ತೀನಿ.” ಅವನ ಮುಖ ನೋಡಬೇಕಿತ್ತು! ನಮ್ಮ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಸಂಜೆಯೊಳಗೆ ಆರೂ ಕುರ್ಚಿ ಟೆಂಪೋದಲ್ಲಿ ವಾಪಸ್ ಬಂದವು. ಅತ್ತಿಗೆ ಒಂದನ್ನ ಪಾಸು ಮಾಡಿ, ಡ್ರೈವರ್ ಜೊತೆ ತಾವೇ ದರ್ಜಿ ಮನೆಗೆ ಹೋಗಿ ಕೊಟ್ಟು, ಅವರ ಕಾಲು ಮುಟ್ಟಿ ಕ್ಷಮೆ ಕೇಳಿ ಬಂದರು.

ಮನೆಗೆ ನಡೆದು ಬರುವಾಗ ನಾನು ಬೈಯೋಕೆ ಶುರು ಮಾಡಿದೆ. “ನನಗೂ ಹೇಳಲಿಲ್ಲವಲ್ಲ ಅತ್ತಿಗೆ! ನಾವೆಲ್ಲ ಅಷ್ಟು ಕಷ್ಟಪಟ್ಟು ತಪ್ಪು ಬರೆದರೆ ನೀವು ಸರಿ ಬರೆದು ಕೆಡಿಸಿದ್ರಿ.”

ಅತ್ತಿಗೆ ನಡು ದಾರಿಯಲ್ಲೇ ನಿಂತುಬಿಟ್ಟರು. “ಬೇಕೂಂತ ಬರೆದ್ರಾ? ಎಲ್ಲರೂನಾ?”

“ಮತ್ತೆ? ಹನ್ನೊಂದು ಜನಕ್ಕೂ ಒಂದೇ ದಿನ ಅಕ್ಷರ ಮರೆತುಹೋಗುತ್ತಾ?”

ಅವರು ನಗೋಕೆ ಹೋಗಿ ಅತ್ತುಬಿಟ್ಟರು. ಸೆರಗಲ್ಲಿ ಮುಖ ಒರೆಸಿಕೊಂಡು, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

“ನಾನೊಬ್ಬಳೇ ಅಂದ್ಕೊಂಡಿದ್ದೆ ಕಣೇ.”